ತುಂಬಿದ ಡಿಸ್ಕು ಮತ್ತು ಮಳೆ ಲೆಕ್ಕ

"ಸರ್, ಸೇವ್ ಆಗ್ತಾ ಇಲ್ಲ."

2025ರ ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಧೋ ಎಂದು ಮಳೆ. ಆಗುಂಬೆ ಘಟ್ಟದ ಈಚೆಗಿರುವ ನಮ್ಮ ಊರಿನಲ್ಲಿ ಜುಲೈ ಎಂದರೆ ಹಾಗೆಯೇ. ಹಂಚಿನ ಸದ್ದಿನಲ್ಲಿ ಪಾಠವೇ ಕೇಳಿಸುವುದಿಲ್ಲ. ಹಾಗಾಗಿ ಒಂಬತ್ತನೆಯ ತರಗತಿಯ ಇಪ್ಪತ್ತನಾಲ್ಕು ಮಕ್ಕಳನ್ನು ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿ ವಿಜ್ಞಾನದ ಪ್ರಾಜೆಕ್ಟು ಬರೆಸುತ್ತಿದ್ದೆ. ಒಬ್ಬಳು ಕೈ ಎತ್ತಿದಳು. ಆಮೇಲೆ ಇನ್ನೊಬ್ಬ. ಐದೇ ನಿಮಿಷದಲ್ಲಿ ಹನ್ನೆರಡು ಕಂಪ್ಯೂಟರಿನಲ್ಲೂ ಅದೇ ಗೋಳು. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಜಾಗ ಮುಗಿಯಿತು ಎಂದು ಅರ್ಥ.

ನಮ್ಮ ಕೋಣೆಯ ವ್ಯವಸ್ಥೆಯನ್ನು ಮೊದಲು ಹೇಳಿಬಿಡುತ್ತೇನೆ. ಮಕ್ಕಳ ಮುಂದಿರುವುದು ಹಳೆಯ ಕಂಪ್ಯೂಟರುಗಳು. ಅವರು ಬರೆದದ್ದೆಲ್ಲ ಹೋಗಿ ಕೂರುವುದು ಮೂಲೆಯಲ್ಲಿರುವ ಒಂದು ಸರ್ವರಿನಲ್ಲಿ. ಹಳೆಯ ವಿದ್ಯಾರ್ಥಿಗಳು ಸೇರಿ 2024ರಲ್ಲಿ ಕೊಟ್ಟದ್ದು. ಅದರೊಳಗೆ 500 ಜಿಬಿಯ ಡಿಸ್ಕು, ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ. ಮಕ್ಕಳ ಕೆಲಸ, ಪಾಠದ ವೀಡಿಯೊ, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ಅದರಲ್ಲೇ. ಜೊತೆಗೆ ನನ್ನ ಪಾಲಿಗೆ ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಇದೆ. ನಮ್ಮ ಶಾಲೆಯ ಮಳೆ ಲೆಕ್ಕ.

ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿದೆ. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ ಎಂಟೂವರೆಗೆ ಅಳೆಯಬೇಕು. ಹತ್ತಿರದ ಮನೆಯ ಮಕ್ಕಳು ಸರದಿಯ ಮೇಲೆ ಬಂದು, ಗಾಜಿನ ಅಳತೆಗೊಳವೆಗೆ ನೀರು ಸುರಿದು, ಮಿಲಿಮೀಟರ್ ಲೆಕ್ಕ ಬರೆದು ಸಹಿ ಹಾಕುತ್ತಾರೆ. ಭಾನುವಾರವೂ ರಜೆಯಿಲ್ಲ. ಮಳೆಗೆ ರಜೆಯಿಲ್ಲವಲ್ಲ!

ನಾನು ಬಿ.ಎಸ್ಸಿ., ಬಿ.ಎಡ್. ಓದಿದವನು. ನಾವು ಓದುವ ಕಾಲದಲ್ಲಿ ಕಂಪ್ಯೂಟರಿನ ಚಿತ್ರ ನೋಡಿದ್ದೆವೇ ಹೊರತು ಕಂಪ್ಯೂಟರ್ ನೋಡಿರಲಿಲ್ಲ. ಕಲಿತದ್ದೆಲ್ಲ ಆಮೇಲೆ, ಬಿದ್ದು ಎದ್ದು. ಆ ಮಧ್ಯಾಹ್ನ ನನಗೆ ತೋಚಿದ್ದು ಎರಡೇ ದಾರಿ. ಆಫ್ ಮಾಡಿ ಆನ್ ಮಾಡುವುದು, ಇಲ್ಲವೇ ಹೊಸ ಡಿಸ್ಕಿಗೆ ದುಡ್ಡು ಕೇಳುವುದು. ಆಫ್ ಮಾಡಿದರೆ ಮಕ್ಕಳು ಎರಡು ಪೀರಿಯಡ್ಡು ಕೂತು ಬರೆದದ್ದು ಮಣ್ಣುಪಾಲು. ದುಡ್ಡು ಕೇಳಿದರೆ ಎಸ್.ಡಿ.ಎಂ.ಸಿ. ಸಭೆ ಸೇರಿ, ಠರಾವು ಪಾಸಾಗುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ.

ಆಗ ನೆನಪಾದವಳು ನಮ್ಮ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿನಿ. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಸರ್ವರುಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಫೋನು ಮಾಡಿದೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಕೋಣೆಯ ಒಂದೇ ಕಿಟಕಿಯ ಹತ್ತಿರ. ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸ್ಪೀಕರ್ ಹಾಕಿ, ಗಟ್ಟಿ ಗಂಟಲಿನ ಒಬ್ಬ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿದೆ. ಅವಳು ಹೇಳಿದ್ದನ್ನು ಅವನು ಮಳೆಯ ಸದ್ದಿಗಿಂತ ಜೋರಾಗಿ ನನಗೆ ಕೂಗಿ ಹೇಳಬೇಕು.

"ಯಾವುದನ್ನೂ ಆಫ್ ಮಾಡ್ಬೇಡಿ ಸರ್. ಮೊದಲು ಎಷ್ಟಿದೆ, ಎಲ್ಲಿದೆ ಅಂತ ನೋಡೋಣ" ಎಂದಳು.

ಅವಳು ಹೇಳಿದಂತೆ 'ಡಿಎಫ್' ಎಂಬ ಆದೇಶ ಕೊಟ್ಟೆ. ಒಟ್ಟು ಜಾಗ 98 ಜಿಬಿ, ಬಳಸಿದ್ದು 93, ಉಳಿದದ್ದು ಸೊನ್ನೆ. ನನಗೆ ಎರಡು ಅನುಮಾನ ಬಂದವು. 98ರಲ್ಲಿ 93 ಕಳೆದರೆ 5 ಉಳಿಯಬೇಕಲ್ಲ? ಅದೂ ಹೋಗಲಿ, 500 ಜಿಬಿಯ ಡಿಸ್ಕು 98 ಆದದ್ದು ಹೇಗೆ?

ಮೊದಲ ಅನುಮಾನಕ್ಕೆ ಉತ್ತರ ಸೊಗಸಾಗಿತ್ತು. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ಸ್ವಲ್ಪ ದುಡ್ಡು ಬಚ್ಚಿಡುತ್ತಿದ್ದರಲ್ಲ, ಹಾಗೆಯೇ ಈ ವ್ಯವಸ್ಥೆಯೂ ನೂರಕ್ಕೆ ಐದರಷ್ಟು ಜಾಗವನ್ನು ತನ್ನ ಆಪತ್ತಿಗೆಂದು ಎತ್ತಿಟ್ಟಿರುತ್ತದೆ. ಬೇರೆಯವರಿಗೆ ಜಾಗ ಮುಗಿದರೂ ಮೇಲ್ವಿಚಾರಕನ ಕೈ ಕಟ್ಟಿಹೋಗುವುದಿಲ್ಲ. ಅದಿಲ್ಲದಿದ್ದರೆ ರಿಪೇರಿ ಮಾಡಲೂ ಜಾಗವಿರುತ್ತಿರಲಿಲ್ಲ.

ಎರಡನೆಯದಕ್ಕೆ ಇನ್ನೊಂದು ಆದೇಶ, 'ವಿಜಿಎಸ್'. ಉತ್ತರ ನೋಡಿ ನನಗೆ ನಗು ಬಂತು. ಡಿಸ್ಕಿನಲ್ಲಿ 362 ಜಿಬಿಯಷ್ಟು ಜಾಗ ಯಾರೂ ಮುಟ್ಟದೆ ಬಿದ್ದಿತ್ತು! ಈ ಉಬುಂಟು ಸರ್ವರನ್ನು ಹಾಕುವಾಗ ಕೇಳಿದ್ದಕ್ಕೆಲ್ಲ 'ಮುಂದೆ, ಮುಂದೆ' ಎಂದು ಒತ್ತುತ್ತ ಹೋದರೆ, ಡಿಸ್ಕು 200 ಜಿಬಿಗಿಂತ ದೊಡ್ಡದಿದ್ದರೂ ಅದು ಬಳಕೆಗೆ ಬಿಡುವುದು 100 ಜಿಬಿ ಮಾತ್ರ. ಮಿಕ್ಕದ್ದನ್ನು ಮುಂದಕ್ಕೆಂದು ಹಾಗೇ ಇಡುತ್ತದೆ. ಐದೆಕರೆ ಜಮೀನು ಕೊಂಡು, ಒಂದೆಕರೆಗೆ ಬೇಲಿ ಹಾಕಿ, ಬೆಳೆ ಸಾಲದು ಎಂದು ಅಳುವಂತಾಗಿತ್ತು ನಮ್ಮ ಸ್ಥಿತಿ.

ಲೆಕ್ಕ ಮಾಡುವ ಮಕ್ಕಳು ಕೇಳಬಹುದು, ನೂರೂ 362ೂ ಸೇರಿದರೆ 500 ಆಗಲಿಲ್ಲವಲ್ಲ ಎಂದು. ಡಿಸ್ಕು ಮಾರುವವರು ಸಾವಿರ, ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ. ಈ ಆದೇಶಗಳು ಅಳೆಯುವುದು 1,024ರ ಲೆಕ್ಕದಲ್ಲಿ. ಅಂಗಡಿಯ 500 ಜಿಬಿ ಇಲ್ಲಿ 465ರಷ್ಟಾಗುತ್ತದೆ. ಅದರಲ್ಲಿ ಮೂರು ಕಂಪ್ಯೂಟರ್ ಶುರುವಾಗಲು ಬೇಕಾದ ಕಡತಗಳಿಗೆ ಮೀಸಲು. ಮೋಸವೇನಿಲ್ಲ, ಸೇರು ಬೇರೆ, ಕಿಲೋ ಬೇರೆ.

"ಮೊದಲು ಮಕ್ಕಳು ಬರೆದದ್ದು ಉಳೀಲಿ ಸರ್. ಯಾವುದಾದ್ರೂ ಎರಡೆರಡು ಸಲ ಇರೋ ದೊಡ್ಡ ಫೈಲ್ ಇದ್ಯಾ?" ಹುಡುಕಿದಾಗ, ನಾನೇ ಮರೆತು ಎರಡು ಸಲ ಇಳಿಸಿಕೊಂಡಿದ್ದ 4 ಜಿಬಿಯ ಕಡತವೊಂದು ಸಿಕ್ಕಿತು. ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಂಡು ಒಂದನ್ನು ಅಳಿಸಿದೆ. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಸೇವ್ ಮಾಡಿದರು. ಉಸಿರಾಡಲು ಜಾಗ ಸಿಕ್ಕಿತು.

"ಇನ್ನು ಬ್ಯಾಕಪ್. ಮಕ್ಕಳ ಕೆಲಸ, ಮಳೆ ಲೆಕ್ಕ, ಬೇರೆ ಎಲ್ಲೂ ಇಲ್ಲದ್ದು ಏನೇನಿದೆಯೋ ಎಲ್ಲ ಹೊರಗಿನ ಡಿಸ್ಕಿಗೆ ಹಾಕಿ ಸರ್." ಎಲ್ಲ ಸೇರಿ 11 ಜಿಬಿ ಇತ್ತು. ಸಣ್ಣ ಸಣ್ಣ ಕಡತಗಳಾದ್ದರಿಂದ ಅರ್ಧ ಗಂಟೆ ಹಿಡಿಯಿತು. ಫೋನು ಕಿಟಕಿಯ ಮೇಲೇ ಇತ್ತು. ಸುಮ್ಮನೆ ಕಾಯುವ ಹೊತ್ತಿನಲ್ಲಿ ಅವಳು ಒಂದು ಪ್ರಶ್ನೆ ಕೇಳಿದಳು. ಹುಡುಗ ಅದನ್ನೂ ನಿಷ್ಠೆಯಿಂದ ಇಡೀ ತರಗತಿಗೆ ಕೇಳುವಂತೆ ಕೂಗಿದ.

"ನಾವಿದ್ದಾಗ ಮಳೆ ಲೆಕ್ಕ ಎಲ್ಲ ಹೋಗಿತ್ತಲ್ಲ ಸರ್, ವೈರಸ್ ಬಂದು. ಅದು ಯಾವ ವೈರಸ್ ಅಂತ ಕೇಳ್ತಾರೆ!"

ಇಪ್ಪತ್ತನಾಲ್ಕು ಮುಖಗಳು ನನ್ನ ಕಡೆ ತಿರುಗಿದವು.

ಮಳೆ ಲೆಕ್ಕ ಶುರುವಾದದ್ದು 1997ರಲ್ಲಿ. 2007ರ ಕೊನೆಗೆ ಹನ್ನೊಂದು ವರ್ಷದ, ನಾಲ್ಕು ಸಾವಿರದಷ್ಟು ಅಳತೆಗಳು ಸೇರಿದ್ದವು. ಮಕ್ಕಳ ಕೈಯಲ್ಲೇ ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದೆ. ಇನ್ನು ಪುಸ್ತಕ ಯಾಕೆ ಎಂದು, ಗೆದ್ದಲು ಹಿಡಿದು ಒದ್ದೆಯಾಗಿದ್ದ ಪುಸ್ತಕಗಳನ್ನು ಉಗ್ರಾಣ ಗುಡಿಸುವಾಗ ರದ್ದಿಗೆ ಕೊಡಿಸಿದ್ದೂ ನಾನೇ.

2008ರ ಆಗಸ್ಟಿನಲ್ಲಿ ಆ ಕಂಪ್ಯೂಟರಿನಲ್ಲೂ ಹೀಗೇ ಜಾಗ ಮುಗಿಯಿತು. ಅದರಲ್ಲಿ 'ಸಿ' ಮತ್ತು 'ಡಿ' ಎಂದು ಎರಡು ಭಾಗ. 'ಸಿ' ತುಂಬಿತ್ತು, 'ಡಿ'ಯಲ್ಲಿ ಜಾಗವಿತ್ತು, ಮಳೆ ಲೆಕ್ಕ ಇದ್ದದ್ದೂ 'ಡಿ'ಯಲ್ಲೇ. ಯಾರೋ ಸಿ.ಡಿ.ಯಲ್ಲಿ ಕೊಟ್ಟಿದ್ದ ತಂತ್ರಾಂಶ ಹಾಕಿ, ನಡುವಿನ ಗಡಿಯನ್ನು ಇಲಿಯಿಂದ ಹಿಡಿದು ಎಳೆದೆ. ತೆರೆಯ ಮೇಲೆ ಅದು ಒಂದು ಗೆರೆ ಎಳೆದಷ್ಟೇ ಸುಲಭವಾಗಿ ಕಂಡಿತು. ಆದರೆ ಒಳಗೆ ನಡೆಯುವುದೇ ಬೇರೆ. 'ಡಿ'ಯ ಮೊದಲ ಭಾಗವನ್ನು 'ಸಿ'ಗೆ ಬಿಟ್ಟುಕೊಡಬೇಕಾದರೆ ಅಲ್ಲಿರುವುದನ್ನೆಲ್ಲ ತುಂಡು ತುಂಡಾಗಿ ಎತ್ತಿ ಮುಂದಕ್ಕೆ ಸಾಗಿಸಬೇಕು. ಬೇಲಿ ಸರಿಸುವ ಕೆಲಸವಲ್ಲ ಅದು, ಪಕ್ಕದವನ ಮನೆಯನ್ನೇ ಕಿತ್ತು ಆಚೆ ಕಟ್ಟುವ ಕೆಲಸ. ಅರ್ಧ ಸಾಗಿಸಿರುವಾಗ ಕರೆಂಟು ಹೋಯಿತು. ಯು.ಪಿ.ಎಸ್. ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು. ಅದು ನನಗೆ ಗೊತ್ತೂ ಇತ್ತು. ಕರೆಂಟು ಬಂದ ಮೇಲೆ 'ಡಿ' ತೆರೆಯಲೇ ಇಲ್ಲ.

ಮರುದಿನ ಮುಖ್ಯೋಪಾಧ್ಯಾಯರಿಗೂ ಮಕ್ಕಳಿಗೂ 'ವೈರಸ್ ಬಂತು' ಎಂದೆ. ಆ ಕಾಲದಲ್ಲಿ ಎಲ್ಲಕ್ಕೂ ವೈರಸ್ಸೇ ಕಾರಣ. ಯಾರೂ ಮರುಪ್ರಶ್ನೆ ಕೇಳಲಿಲ್ಲ. ಕಂಡದ್ದನ್ನು ಕಂಡ ಹಾಗೇ ಬರೆಯಿರಿ, ಮಳೆ ಬಾರದ ದಿನ ಸೊನ್ನೆ ಎಂದೇ ಬರೆಯಿರಿ, ಊಹಿಸಿ ತುಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವನು ನಾನು. ಹದಿನೇಳು ವರ್ಷ ಆ ಸುಳ್ಳನ್ನು ಹಾಗೇ ಇಟ್ಟುಕೊಂಡಿದ್ದೆ.

'ಆಮೇಲೆ ಹೇಳ್ತೀನಮ್ಮ' ಎಂದುಬಿಡಬಹುದಿತ್ತು. ಮಳೆಯ ಸದ್ದಿನ ನೆಪವೂ ಇತ್ತು. ಆದರೆ ಎದುರಿಗಿದ್ದ ಮಕ್ಕಳು ಅಂದು ಬೆಳಿಗ್ಗೆ ತಾನೇ ಒದ್ದೆಯಾಗಿ ಬಂದು ಮಳೆ ಅಳೆದಿದ್ದರು. ಕಿಟಕಿಯ ಹತ್ತಿರ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದೆ. "ವೈರಸ್ ಬಂದಿರಲಿಲ್ಲಮ್ಮ. ಬ್ಯಾಕಪ್ ಇಲ್ಲದೆ ನಾನೇ ಏನೋ ಮಾಡಲು ಹೋಗಿ ಅಳಿಸಿಹಾಕಿದೆ. ಹೇಳಲು ನಾಚಿಕೆಯಾಗಿ ವೈರಸ್ ಅಂದೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಸಿಗ್ನಲ್ ಹೋಯಿತೇನೋ ಎಂದು ಹುಡುಗ ಫೋನನ್ನು ನೋಡಿದ. ಆಮೇಲೆ ಅವಳ ದನಿ ಬಂತು. "ಹಾಗಾದ್ರೆ ಕಾಪಿ ಆಗಿದ್ದನ್ನ ಬೇರೆ ಕಂಪ್ಯೂಟರ್‌ನಲ್ಲಿ ತೆಗೆದು ನೋಡೋಣ ಸರ್. ಮಳೆ ಲೆಕ್ಕದಿಂದಲೇ ಶುರು ಮಾಡಿ."

ಹೊರಗಿನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ ತೆಗೆದು ನೋಡಿದೆ. 2009ರಿಂದ ಮತ್ತೆ ಶುರು ಮಾಡಿದ ಲೆಕ್ಕ ಅಂದಿನ ಬೆಳಗಿನವರೆಗೂ ಸರಿಯಾಗಿತ್ತು. ನಕಲು ಮಾಡಿದರೆ ಸಾಲದು, ತೆರೆದು ನೋಡಿದ ಮೇಲೇ ಅದು ಬ್ಯಾಕಪ್ಪು ಎಂದು ಅವಳು ಹೇಳಿದ್ದನ್ನು ಮಕ್ಕಳಿಗೆ ಬರೆದುಕೊಳ್ಳಲು ಹೇಳಿದೆ.

"ಈಗ ಎಲ್ಲ ಸೇವ್ ಆಗಿದೆಯಲ್ಲ, ಆಫ್ ಮಾಡಿಕೊಂಡು ಮಾಡೋದು ಕ್ಷೇಮ ಅಲ್ವೇನಮ್ಮ?" ಎಂದು ಕೇಳಿದೆ. ಬೇಕಿಲ್ಲ ಎಂದಳು. ನಮ್ಮ ಸರ್ವರಿನಲ್ಲಿ ಇಡೀ ವ್ಯವಸ್ಥೆ ಕೂತಿರುವುದೇ ಆ ತುಂಬಿದ ಭಾಗದ ಮೇಲೆ. ಅದನ್ನು ನಿಲ್ಲಿಸಿ ಕೆಲಸ ಮಾಡಬೇಕಾದರೆ ಪೆನ್‌ಡ್ರೈವಿನಿಂದ ಬೇರೊಂದು ವ್ಯವಸ್ಥೆ ಎಬ್ಬಿಸಬೇಕು. ಅಭ್ಯಾಸವಿಲ್ಲದ ಕೈಗೆ ಅದರಲ್ಲೇ ಅಪಾಯ ಹೆಚ್ಚು. ಓಡುತ್ತಿರುವಾಗಲೇ ಹಿಗ್ಗಿಸಲೆಂದೇ ಇದನ್ನು ಮಾಡಿದ್ದಾರೆ.

ಹೇಗೆಂದು ತಿಳಿಯಲು ಸ್ವಲ್ಪ ಒಳಗೆ ಹೋಗಬೇಕು. ನನ್ನ ಹಳೆಯ ಕಂಪ್ಯೂಟರಿನಲ್ಲಿ 'ಸಿ', 'ಡಿ' ಎಂದರೆ ಡಿಸ್ಕಿನ ಮೇಲೆ ಒಂದರ ಪಕ್ಕ ಒಂದು ಅಳೆದಿಟ್ಟ ಜಾಗ. ಲಿನಕ್ಸಿನಲ್ಲಿ ಎಲ್‌ವಿಎಂ ಎಂಬ ಇನ್ನೊಂದು ಏರ್ಪಾಡಿದೆ. ಹೈಂಜ್ ಮಾವೆಲ್ಸ್‌ಹಾಗನ್ ಎಂಬವರು 1998ರಲ್ಲಿ ಬರೆದದ್ದು. ಇದು ಡಿಸ್ಕನ್ನು ಸಾಮಾನ್ಯವಾಗಿ 4 ಎಂಬಿಯ ಸಣ್ಣ ಸಣ್ಣ ತುಂಡುಗಳನ್ನಾಗಿ ಎಣಿಸುತ್ತದೆ. ನಮ್ಮ 100 ಜಿಬಿ ಎಂದರೆ 25,600 ತುಂಡು. ಯಾವ ಭಾಗಕ್ಕೆ ಯಾವ ತುಂಡು ಸೇರಿದೆ ಎಂಬ ಪಹಣಿಯೊಂದನ್ನು ಅದು ಇಟ್ಟುಕೊಂಡಿರುತ್ತದೆ. ಜಾಗ ಬೇಕೆಂದರೆ ಖಾಲಿ ತುಂಡುಗಳನ್ನು ಪಹಣಿಯಲ್ಲಿ ಸೇರಿಸಿದರಾಯಿತು; ಅವು ಪಕ್ಕದಲ್ಲೇ ಇರಬೇಕೆಂದೂ ಇಲ್ಲ, ಅದೇ ಡಿಸ್ಕಿನಲ್ಲಿರಬೇಕೆಂದೂ ಇಲ್ಲ. ಇದ್ದದ್ದು ಒಂದಿಷ್ಟೂ ಅಲುಗುವುದಿಲ್ಲ.

ಆದರೆ ಜಮೀನು ನಮ್ಮ ಹೆಸರಿಗಾದರೆ ಸಾಲದು, ಉಳುವವನಿಗೂ ತಿಳಿಯಬೇಕು. ಡಿಸ್ಕಿನಲ್ಲಿ ಉಳುವವನೆಂದರೆ ಫೈಲ್ ಸಿಸ್ಟಮ್, ಕಡತಗಳನ್ನು ಜೋಡಿಸಿ ಲೆಕ್ಕ ಇಡುವ ವ್ಯವಸ್ಥೆ. ನಮ್ಮದರಲ್ಲಿ ಇದ್ದದ್ದು ಇಎಕ್ಸ್‌ಟಿ4. ಅದು ತನ್ನ ಜಾಗವನ್ನು 128 ಎಂಬಿಯ ಗುಂಪುಗಳಾಗಿ ವಿಂಗಡಿಸಿಕೊಂಡು, ಪ್ರತಿ ಗುಂಪಿಗೂ ಒಂದು ಲೆಕ್ಕದ ಹಾಳೆ ಇಟ್ಟಿರುತ್ತದೆ. ಹಿಗ್ಗುವುದೆಂದರೆ ಕೊನೆಯಲ್ಲಿ ಹೊಸ ಗುಂಪುಗಳು, ಹೊಸ ಹಾಳೆಗಳು ಸೇರುವುದು ಅಷ್ಟೆ. ಅದಕ್ಕೇ ಮಕ್ಕಳು ಬರೆಯುತ್ತಿರುವಾಗಲೂ ಅದು ಹಿಗ್ಗಬಲ್ಲದು. ಕುಗ್ಗಿಸುವುದು ಹಾಗಲ್ಲ. ಕೊನೆಯಲ್ಲಿರುವ ಕಡತಗಳನ್ನು ಮೊದಲು ಹಿಂದಕ್ಕೆ ತರಬೇಕು. ಅದಕ್ಕೆ ಬಳಕೆಯನ್ನೇ ನಿಲ್ಲಿಸಬೇಕು.

ಕೊನೆಗೆ ಆದೇಶ. ಅವಳು ಒಂದೊಂದೇ ಪದ ಹೇಳಿದಳು, ಹುಡುಗ ಕೂಗಿದ, ನಾನು ಒತ್ತಿದೆ. 'ಎಲ್‌ವಿ ಎಕ್ಸ್‌ಟೆಂಡ್', ಎಷ್ಟು ಸೇರಿಸಬೇಕು ಎಂಬುದು, ಜೊತೆಗೆ ಫೈಲ್ ಸಿಸ್ಟಮನ್ನೂ ಹಿಗ್ಗಿಸು ಎಂದು ಹೇಳುವ 'ಆರ್', ಕೊನೆಗೆ ಆ ಭಾಗದ ಹೆಸರು. ಎಂಟರ್ ಒತ್ತಲು ಬೆರಳು ಎತ್ತಿದ್ದೆ.

"ಒತ್ತಬೇಡಿ ಸರ್! ತೆರೆ ಮೇಲೆ ಇರೋದನ್ನ ಇದ್ದ ಹಾಗೇ ಓದಿ."

ಓದಿದೆ. "...200 ಜಿ..."

"ಅದರ ಹಿಂದೆ ಏನಿದೆ ಸರ್?"

ಏನೂ ಇರಲಿಲ್ಲ. 'ಪ್ಲಸ್' ಒತ್ತಲು ಮರೆತಿದ್ದೆ. ಪ್ಲಸ್ ಇದ್ದರೆ '200 ಸೇರಿಸು' ಎಂದರ್ಥ. ಇಲ್ಲದಿದ್ದರೆ '200ಕ್ಕೆ ನಿಲ್ಲಿಸು' ಎಂದು. ಈ ಆದೇಶ ಹಿಗ್ಗಿಸಲು ಮಾತ್ರ ಇರುವುದರಿಂದ ನಷ್ಟವೇನೂ ಆಗುತ್ತಿರಲಿಲ್ಲ, ಕೇಳಿದ್ದಕ್ಕಿಂತ ಕಡಿಮೆ ಜಾಗ ಸಿಗುತ್ತಿತ್ತು. ಆದರೆ 'ಎಲ್‌ವಿ ರೀಸೈಜ್' ಎಂಬ ಇದರ ಸೋದರ ಆದೇಶ ಹಿಗ್ಗಿಸಲೂ ಬಲ್ಲದು, ಕತ್ತರಿಸಲೂ ಬಲ್ಲದು. ಅಲ್ಲಿ ಪ್ಲಸ್ ಬಿಟ್ಟು 50 ಎಂದು ಬರೆದು, ಅದು ಕೇಳುವ ಎಚ್ಚರಿಕೆಗೆ ಹೂಂಗುಟ್ಟಿದರೆ ಇರುವ ನೂರು ಐವತ್ತಾಗಿಬಿಡುತ್ತದೆ. ಚಿಹ್ನೆ ತಪ್ಪಿದ್ದಕ್ಕೆ ನಾನು ಎಷ್ಟು ಮಕ್ಕಳ ಅಂಕ ಕಳೆದಿದ್ದೇನೋ! "ಪ್ರಶ್ನೆ ಎರಡು ಸಲ ಓದು ಅಂತ ನೀವೇ ಹೇಳ್ತಿದ್ರಿ ಸರ್" ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ಪ್ಲಸ್ ಹಾಕಿದೆ. ಮೊದಲು 'ಟೆಸ್ಟ್' ಎಂಬ ಮಾತು ಸೇರಿಸಿ, ಏನನ್ನೂ ಬದಲಿಸದೆ ಬರೀ ತಾಲೀಮು ಮಾಡಿಸಿದಳು. ಯು.ಪಿ.ಎಸ್. ದೀಪ ಹಸಿರಾಗಿದೆಯೇ ಎಂದು ಕೇಳಿದಳು. ಆಮೇಲೆ ಎಂಟರ್. ಹತ್ತಿಪ್ಪತ್ತು ಸೆಕೆಂಡು, ಅಷ್ಟೆ. 'ಡಿಎಫ್' ಕೊಟ್ಟು ನೋಡಿದರೆ 98 ಇದ್ದದ್ದು 295 ಆಗಿತ್ತು. ತುಂಬಿದ್ದು ಮೂರನೇ ಒಂದು ಭಾಗದಷ್ಟು ಮಾತ್ರ. ಅಷ್ಟೂ ಹೊತ್ತು ಹಿಂದಿನ ಸಾಲಿನ ಹುಡುಗಿಯೊಬ್ಬಳು ತಲೆಯೆತ್ತದೆ ಟೈಪು ಮಾಡುತ್ತಲೇ ಇದ್ದಳು. ಅವಳಿಗೆ ಏನೂ ಗೊತ್ತಾಗಲಿಲ್ಲ.

ಉಳಿದ 162 ಜಿಬಿಯನ್ನೂ ಕೊಟ್ಟುಬಿಡಬಹುದಿತ್ತಲ್ಲ ಎಂದು ಕೇಳಿದೆ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಕಷ್ಟ, ಇಟ್ಟುಕೊಂಡದ್ದನ್ನು ಕೊಡುವುದು ಯಾವಾಗಲೂ ಸುಲಭ ಎಂದಳು. ಮಕ್ಕಳಿಗೆ ಪಾಕೆಟ್ ಮನಿ ಕೊಡುವ ಪೋಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1956ರಲ್ಲಿ ಐಬಿಎಂ ಕಂಪನಿ ಹೊರತಂದ ಡಿಸ್ಕು ಘಟಕದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ನಿನಷ್ಟು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ಇಂದಿನ ಮೊಬೈಲಿನ ಒಂದು ಫೋಟೋದಷ್ಟು. ಇಂದು ಜಾಗಕ್ಕೆ ಬರವಿಲ್ಲ. ಆದರೂ ಪ್ರತಿ ಮನೆಯಲ್ಲೂ ಒಂದಲ್ಲ ಒಂದು ದಿನ ಡಿಸ್ಕು ತುಂಬುತ್ತದೆ, ಯಾರೋ ಒಬ್ಬರು ಅವಸರದಲ್ಲಿ ಏನೋ ಒತ್ತುತ್ತಾರೆ. ಮನೆಯ ಕಂಪ್ಯೂಟರ್ ವಿಂಡೋಸ್ ಆಗಿದ್ದರೂ ನಿಯಮ ಬೇರೆಯಲ್ಲ. ಅಲ್ಲಿ 'ಸಿ'ಯ ಪಕ್ಕದಲ್ಲೇ, ಬಲಗಡೆಗೆ, ಯಾರಿಗೂ ಹಂಚದ ಜಾಗವಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬಲ್ಲಿ ಸುಲಭವಾಗಿ ಹಿಗ್ಗಿಸಬಹುದು. ನಡುವೆ ಇನ್ನೊಂದು ಭಾಗವಿದ್ದರೆ ನನ್ನ 2008ರ ಕತೆ ನೆನಪಿಸಿಕೊಳ್ಳಿ. ಮೊದಲು ಏನು ತುಂಬಿದೆ ಎಂದು ನೋಡಿ. ಬೇರೆಲ್ಲೂ ಇಲ್ಲದ್ದನ್ನು ಹೊರಗೆ ನಕಲಿಸಿ, ತೆರೆದು ನೋಡಿ. ಒತ್ತುವ ಮುನ್ನ ಇನ್ನೊಬ್ಬರಿಗೆ ಕೇಳುವಂತೆ ಗಟ್ಟಿಯಾಗಿ ಓದಿ. ಆ ಇನ್ನೊಬ್ಬರು ನಿಮ್ಮ ಮಗನೋ ಮಗಳೋ ಆದರೆ ಇನ್ನೂ ಒಳ್ಳೆಯದು.

ಗಂಟೆ ಹೊಡೆಯಿತು. ಫೋನು ಹಿಡಿದು ನಿಂತಿದ್ದ ಹುಡುಗ ಮಾತ್ರ ಹೋಗದೆ ಉಳಿದ. "ಸರ್, ಆ ಹನ್ನೊಂದು ವರ್ಷದ ಮಳೆ ವಾಪಸ್ ಬರಲ್ವಾ?"

"ಬರಲ್ಲ ಕಣೋ."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಹಾಗಾದ್ರೆ ಈಗಿನ ಪುಸ್ತಕ ರದ್ದಿಗೆ ಹಾಕೋದು ಬೇಡ ಸರ್. ಕಪಾಟಿನ ಮೇಲಿನ ಅರೆಯಲ್ಲಿ ಇಡೋಣ. ಅಲ್ಲಿಗೆ ಗೆದ್ದಲು ಬರಲ್ಲ."

ಹದಿನಾರೂವರೆ ವರ್ಷದ ಲೆಕ್ಕದ ಪುಸ್ತಕಗಳು ಈಗ ಅಲ್ಲೇ ಇವೆ. ಸರ್ವರಿನಲ್ಲೊಂದು, ಹೊರಗಿನ ಡಿಸ್ಕಿನಲ್ಲೊಂದು, ಕಪಾಟಿನಲ್ಲೊಂದು. ಮಾರನೆಯ ಬೆಳಿಗ್ಗೆ ಎಂಟೂವರೆಗೆ ಅದೇ ಹುಡುಗನ ಸರದಿ. 84 ಮಿ.ಮೀ. ಎಂದು ಬರೆದು ಸಹಿ ಹಾಕಿದ. ಹಾಕುವ ಮುನ್ನ ಗಟ್ಟಿಯಾಗಿ ಓದಿದ.